ತವರಿಗೆ ಹೋದ ಕಾಗದ

"ಗುರುಗಳೇ, ಬರೆಸಿಕೊಳ್ಳಲು ಬಂದವರಿಗೆ ಸಂತೋಷವಾಗುವಂತೆ ಬರೆಯುವುದು ಹೇಗೆ?" ಎಂದು ಅಡವೀಶ ಕೇಳಿದ.

ಅವನು ಯಾರ ಬಳಿಯೂ ಸಂಬಳಕ್ಕಿರಲಿಲ್ಲ. ಭಾಷಣವೋ, ಬಿನ್ನವತ್ತಳೆಯೋ, ಅಂಗಡಿಯ ಜಾಹೀರಾತೋ, ಯಾರು ಏನು ಕೇಳಿದರೂ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. "ಅವರು ಹೇಳಿದಂತೆಯೇ ತಿದ್ದುತ್ತೇನೆ. ಒಯ್ಯುವಾಗ ಹೊಗಳುತ್ತಾರೆ. ಆಮೇಲೆ ಎದುರು ಸಿಕ್ಕರೆ ಮುಖ ಗಂಟಿಕ್ಕುತ್ತಾರೆ. ನನಗೆ ಸಾಕಾಗಿಹೋಗಿದೆ."

ಗುರುಗಳಿಗೆ ಪಾಪ ಎನ್ನಿಸಿತು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

ಒಂದು ಊರಿನಲ್ಲಿ ಕಾಗದ ಬರೆದುಕೊಡುವವನೊಬ್ಬನಿದ್ದ. ಅರಳಿಕಟ್ಟೆಯೇ ಅವನ ಅಂಗಡಿ. ಬರೆದದ್ದನ್ನು ಬರೆಸಿದವರಿಗೆ ಓದಿ ಹೇಳಿದ ಮೇಲೆಯೇ ಮಡಿಸುತ್ತಿದ್ದ. ಓದುವಾಗ ಅವನ ಕಣ್ಣೆಲ್ಲ ಅವರ ಮುಖದ ಮೇಲೆ. ಮುಖ ಅರಳಿದರೆ ಆ ಮಾತನ್ನು ಇನ್ನಷ್ಟು ಬೆಳೆಸುವನು, ಬಾಡಿದರೆ ಹೊಡೆದುಹಾಕುವನು. ಹೀಗಾಗಿ ಆ ಕಟ್ಟೆಯಿಂದ ಬೇಸರಪಟ್ಟು ಎದ್ದುಹೋದವರೇ ಇರಲಿಲ್ಲ.

ಒಂದು ದಿನ ಎಣ್ಣೆ ವ್ಯಾಪಾರಿಯೊಬ್ಬ ಬಂದ. ಅವನ ಹೆಂಡತಿ ಜಗಳವಾಡಿ ತವರಿಗೆ ಹೋಗಿ ಕೂತಿದ್ದಳು. ಅವಳನ್ನು ಕರೆಸಿಕೊಳ್ಳಬೇಕಾಗಿತ್ತು. ಅವಳಿಗೆ ಓದು ಬಾರದು. ಅಳಿಯನಿಂದ ಬಂದ ಕಾಗದವನ್ನು ಮಾವನ ಮನೆಯ ಪಡಸಾಲೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿಸುವುದು ಆ ಕಡೆಯ ರೂಢಿ.

"ಆದದ್ದು ಆಯಿತು, ಬಾ" ಎಂದು ಕಟ್ಟೆಯವನು ಬರೆದು ಓದಿದ. ವ್ಯಾಪಾರಿಯ ಮುಖ ಸಪ್ಪಗಾಯಿತು.

"ಇಷ್ಟೇನಾ? ತಪ್ಪು ನನ್ನದಲ್ಲ ಅಂತ ಬರೀರಿ. ಮೊದಲು ಬಾಯಿ ಮಾಡಿದ್ದು ಅವಳು."

ಬರೆದ. ಮುಖ ಅರಳಿತು. ಸಾರಿಗೆ ದಿನವೂ ಉಪ್ಪು ಹೆಚ್ಚಾಗುತ್ತಿದ್ದುದೂ ಸೇರಿತು. ಪಾಪದ ಗಂಡ ತುಟಿ ಪಿಟಕ್ಕೆನ್ನದೆ ಅದನ್ನು ಉಂಡದ್ದೂ ಸೇರಿತು. ಮದುವೆಯಲ್ಲಿ ಮಾವ ಸರಿಯಾಗಿ ಮಾತಾಡಿಸದಿದ್ದುದೂ ಸೇರಿತು. "ಬಾ" ಎಂಬುದು ಎಲ್ಲೋ ಕೊನೆಯಲ್ಲಿ ಉಳಿಯಿತು. ವ್ಯಾಪಾರಿ ಹಿಗ್ಗಿ ಕೈಮುಗಿದು ಹೋದ.

ಪಡಸಾಲೆಯಲ್ಲಿ ಕಾಗದ ಓದಿದರು. ಉಪ್ಪಿನ ಮಾತು ಬಂದಾಗ ನೆರೆಯವರು ನಕ್ಕರು. ಗಂಡ ಕರೆದರೆ ಹೊರಡೋಣವೆಂದು ಸೀರೆಗಳ ಗಂಟು ಕಟ್ಟಿಟ್ಟುಕೊಂಡಿದ್ದ ಆ ಹೆಂಗಸು ಎದ್ದು ಒಳಗೆ ಹೋಗಿ ಗಂಟು ಬಿಚ್ಚಿದಳು.

ವ್ಯಾಪಾರಿ ಮತ್ತೆ ಕಟ್ಟೆಗೆ ಬಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಅಷ್ಟು ಚೆನ್ನಾಗಿತ್ತಲ್ಲ ಸ್ವಾಮಿ, ಯಾಕೆ ಬರಲಿಲ್ಲ ಅವಳು?" ಎಂದು ಕೇಳಿ, ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಇವನ ಮುಖವನ್ನೇ ನೋಡುತ್ತ, ಕೇಳಬೇಕಾದವಳನ್ನು ಒಮ್ಮೆಯೂ ನೆನೆಯಲಿಲ್ಲವಲ್ಲ ಎಂದು ಬರೆಯುವವನಿಗೆ ನಾಚಿಕೆಯಾಯಿತು. "ಕಾಗದದ ಮಾತು ಇರಲಿ. ಅವರಿಲ್ಲದೆ ಹೇಗಿದ್ದೀರಿ?" ಎಂದು ಕೇಳಿದ.

"ಹೇಗಿರೋದು? ಸಂಜೆ ಬಾಗಿಲು ತೆಗೆದ್ರೆ ಮನೆ ಬಿಕೋ ಅನ್ನುತ್ತೆ. ಊಟ ಆಯ್ತಾ ಅಂತ ಕೇಳೋರಿಲ್ಲ."

ಅಷ್ಟನ್ನೇ ಬರೆದು, ಬಾ ಎಂದು ಸೇರಿಸಿದ. ಈ ಸಲ ಓದುವಾಗ ತಲೆ ಎತ್ತಲಿಲ್ಲ.

ವ್ಯಾಪಾರಿ ಸಿಡಿದೆದ್ದ. "ಮಾವನ ಮನೇಲಿ ಎಲ್ಲರ ಮುಂದೆ ಇದನ್ನ ಓದೋದಾ? ನನ್ನ ಮಾನ ಏನಾಗ್ಬೇಕು? ಹೊಡೆದುಹಾಕಿ!"

"ಒಂದಕ್ಷರಾನೂ ಹೊಡೆಯಲ್ಲ. ಬೇಡ ಅಂದ್ರೆ ಬೇರೆಯವರ ಹತ್ರ ಬರೆಸ್ಕೊಳ್ಳಿ."

ಯಾರಿಗೂ ಅಂಥ ಮಾತು ಆಡಿದವನಲ್ಲ ಅವನು. ವ್ಯಾಪಾರಿ ಕಾಗದ ಕಿತ್ತುಕೊಂಡು, ಗೊಣಗುತ್ತಲೇ ಹೋದ. ಬೇರೆ ದಾರಿ ಕಾಣದೆ ಅದನ್ನೇ ಕಳಿಸಿದ. ಹೆಂಡತಿ ಬಂದಳು.

ಅಡವೀಶನಿಗೆ ಸಮಾಧಾನವಾಯಿತು. "ಹಾಗಾದರೆ ಆ ವ್ಯಾಪಾರಿ ಬಂದು ಅವನನ್ನು ಬಾಯಿ ತುಂಬ ಹೊಗಳಿರಬೇಕಲ್ಲವೇ, ಗುರುಗಳೇ?"

"ಎಲ್ಲಿ ಬಂದ, ಮಗು? 'ನಾನು ಒಂದೇ ಒಂದು ಮಾತು ಬರೆದೆ, ಓಡಿ ಬಂದಳು' ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ, ಅಷ್ಟು ಸಂತೋಷವಾಗಿತ್ತು ಅವನಿಗೆ."