ಮರಳುನಾಡಿನ ನೆಲ ಒಂದು ಗೇಣಿಗೇ ಗಟ್ಟಿಯಾದದ್ದು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ತಾವು ಎಲ್ಲಿ ಕೂರಬೇಕೆಂದು ಗೊತ್ತಾಗಿರಲಿಲ್ಲ. ಗಾಳಿಗೆ ಗುಟ್ಟು ಬಚ್ಚಿಡಲು ಬರುತ್ತಿರಲಿಲ್ಲ. ನೆಲವಂತೂ ಆಗತಾನೆ ನಾದಿಟ್ಟ ರೊಟ್ಟಿಹಿಟ್ಟಿನ ಹಾಗೆ ಮೆತ್ತಗಿತ್ತು, ಬೆರಳಿಟ್ಟರೆ ಕುಳಿ ಬೀಳುತ್ತಿತ್ತು. ಹ್ಞೂಂ ಅನ್ನು ಮಗಾ. ಹ್ಞೂಂ ಅನ್ನದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಇದು ನಗುವ ಕತೆಯಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಮರಳುನಾಡಿನಲ್ಲಿ ಆಗ ಮೂವತ್ತು ಜನ ಇದ್ದರು. ಸೂರ್ಯ ಹೊಸಬ, ಎಷ್ಟು ಉರಿಯಬೇಕು ಅನ್ನುವ ಅಂದಾಜೇ ಅವನಿಗಿಲ್ಲ. ಮಧ್ಯಾಹ್ನವಾದರೆ ಹಲ್ಲಿ ಕೂಡ ಕಾಲು ಎತ್ತೆತ್ತಿ ಇಡುತ್ತಿತ್ತು. ಜನ ಹೋಗಿ ಭೂಮಿತಾಯಿಯ ಮುಂದೆ ಅತ್ತರು.

"ಅವ್ವಾ, ಬೆಂದುಹೋಗ್ತಿದ್ದೀವಿ."

"ನನ್ನ ಮಡಿಲು ತಂಪಾಗಿದೆ," ಎಂದಳು ಭೂಮಿತಾಯಿ. "ಅಗೆದುಕೊಂಡು ಒಳಗೆ ಬನ್ನಿ."

ಅಗೆಯುವುದರಲ್ಲಿ ಬೊಮ್ಮಣ್ಣನನ್ನು ಮೀರಿಸುವವರು ಯಾರೂ ಇರಲಿಲ್ಲ. ಅವನು ಹಾರೆ ಹಿಡಿದನೆಂದರೆ ನೆಲವೇ ದಾರಿ ಬಿಡುತ್ತಿತ್ತು. ಒಣಹೊಳೆಯ ಪಕ್ಕದ ಮಣ್ಣು ಎಲ್ಲಕ್ಕಿಂತ ಮೆತ್ತಗಿದೆಯೆಂದು ಅಲ್ಲೇ ಅಗೆಯಲು ನಿಂತ. ಅವನ ತಂಗಿ ಮಾಳವ್ವ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದಳು.

"ಅಣ್ಣಾ, ಇದು ಹೊಳೆ ಅಲ್ವಾ?"

"ಎಲ್ಲಿದೆ ಹೊಳೆ, ತೋರಿಸು ನೋಡೋಣ! ನಾವು ಬಂದಾಗಿನಿಂದ ಇದರಲ್ಲಿ ಒಂದು ಬೊಗಸೆ ನೀರು ಕಂಡಿದ್ದೀಯಾ?"

ಆಗ ಮರಳಿನೊಳಗಿಂದ ಒಣಹೊಳೆ ನಿದ್ದೆಗಣ್ಣಿನಲ್ಲಿ ಮಾತಾಡಿತು. "ನಾನು ಸತ್ತಿಲ್ಲ ಕಣಪ್ಪಾ, ಮಲಗಿದ್ದೇನೆ. ನಿಮಗೆ ಕಾಣದ ಬೆಟ್ಟದ ಮೇಲೆ ಮಳೆ ಬಿದ್ದರೆ ಎದ್ದು ಬರುತ್ತೇನೆ. ನನಗೆ ಕಣ್ಣಿಲ್ಲ, ತಗ್ಗು ಎಲ್ಲಿದೆಯೋ ಅಲ್ಲಿಗೆ ನುಗ್ಗುತ್ತೇನೆ."

"ಮಲಕ್ಕೋ, ಮಲಕ್ಕೋ," ಎಂದು ಬೊಮ್ಮಣ್ಣ ನಕ್ಕ. ಎಲ್ಲರೂ ನಕ್ಕರು. ಮಾಳವ್ವನೂ ನಕ್ಕಳು.

ಹೀಗೆ ಒಂದು ದೊಡ್ಡ ನೆಲಮಾಳಿಗೆ ಆಯಿತು. ಮೇಲೆ ಬೆಂಕಿ, ಕೆಳಗೆ ತಂಪು. ಅದಕ್ಕೆ ಒಂದು ಕಟ್ಟಳೆಯೂ ಆಯಿತು. ಬಿಸಿಲೇರುತ್ತಿದ್ದಂತೆ ಎಲ್ಲರೂ ಕೆಳಗಿಳಿಯಬೇಕು, ಅದರ ಬಾಯಿಗೆ ಕಲ್ಲುಚಪ್ಪಡಿ ಎಳೆಯಬೇಕು, ಬಿಸಿಗಾಳಿ ನುಸುಳದಂತೆ ಸುತ್ತ ಹಸಿಮಣ್ಣು ಮೆತ್ತಬೇಕು. ಸರದಿಯಂತೆ ಒಬ್ಬರು ಮಾತ್ರ ಮೇಲೆ, ಒಂದು ಪೊದೆಯ ಮರೆಯಲ್ಲಿ ಕಾವಲು ಕೂರಬೇಕು. ಅಲ್ಲೊಂದು ಗೂಟ ನೆಟ್ಟಿದ್ದರು, ಗೂಟದಿಂದ ಅಷ್ಟು ದೂರಕ್ಕೆ ಒಂದು ಬಿಳಿಕಲ್ಲು ಇಟ್ಟಿದ್ದರು. ಗೂಟದ ನೆರಳು ಕಲ್ಲು ಮುಟ್ಟಿದಾಗ ಬಿಸಿಲು ಇಳಿಯಿತು ಎಂದರ್ಥ. ಆಗ ಕಾವಲಿನವರು ಚಪ್ಪಡಿ ಬಡಿದು, ಮಣ್ಣು ಒಡೆದು, ಹಾರೆ ಕೊಟ್ಟು ಮೀಟುವರು, ಒಳಗಿನವರು ಕೆಳಗಿಂದ ಭುಜ ಕೊಡುವರು. ಅದಕ್ಕೆ ಮೊದಲು ತೆರೆದರೆ ಇಡೀ ದಿನದ ತಂಪು ಹಾಳು.

ಮಾಳವ್ವ ಒಮ್ಮೆ ತೆರೆದಿದ್ದಳು. ಗಾಳಿ ಓಡಿಬಂದು, "ದೂರದ ಬೆಟ್ಟದ ಮೇಲೆ ಮಳೆ, ಹೊಳೆ ಎದ್ದಿದೆ!" ಎಂದು ಕಿವಿಯಲ್ಲಿ ಊದಿತ್ತು. ಅವಳು ಗಾಬರಿಬಿದ್ದು ಎಲ್ಲರನ್ನೂ ಹೊರಗೆ ಕರೆದಳು. ಕಾದರು, ಕಾದರು. ಒಂದು ಹನಿ ನೀರಿಲ್ಲ. ಅರ್ಧ ದಾರಿಗೇ ಮರಳು ಹೊಳೆಯನ್ನು ಕುಡಿದುಬಿಟ್ಟಿತ್ತು, ಅದು ಅವರಿಗೆ ಗೊತ್ತಾಗಬೇಕಲ್ಲ! ಸುಟ್ಟ ಮುಖ ಹೊತ್ತು ಎಲ್ಲರೂ ಅವಳನ್ನು ಬಯ್ದರು. "ಗಾಳಿಮಾತಿನ ಮಾಳಿ" ಅಂತ ಹೆಸರಿಟ್ಟರು. ಹೆಂಗಸರು ಅವಳನ್ನು ಕಂಡರೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು. ಮಾಳವ್ವನಿಗೆ ಬಹಳ ಅವಮಾನವಾಯಿತು.

ಮತ್ತೆ ಅವಳ ಸರದಿ ಬಂತು. ಮಾಳವ್ವನಿಗೆ ಒಬ್ಬಳೇ ಮಗಳು, ಏಳು ವರ್ಷದ ಚಿಗುರಿ. ಅಂದು ಚಿಗುರಿ ಅವ್ವನ ಜೊತೆ ಮೇಲೇ ಇರುತ್ತೇನೆಂದು ಹಟ ಹಿಡಿದಳು. "ಸುಟ್ಟು ಕರಕಲಾಗ್ತೀಯ, ನಡಿ ಮಾವನ ಜೊತೆ," ಎಂದು ಗದರಿ, ಮಾಳವ್ವನೇ ಅವಳನ್ನು ಎತ್ತಿ ಕೆಳಗಿಳಿಸಿದಳು. ಚಪ್ಪಡಿ ಮುಚ್ಚಿತು. ಅವಳೇ ಮಣ್ಣು ಮೆತ್ತಿ ಅಂಗೈಯಿಂದ ನಯ ಮಾಡಿದಳು.

ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ನೆರಳು ಬೆಳೆಯುತ್ತಿತ್ತು. ಆಗ ಗಾಳಿ ಮತ್ತೆ ಓಡಿಬಂತು, ಏದುಸಿರು ಬಿಡುತ್ತಾ.

"ತೆಗಿ ಮಾಳವ್ವಾ, ತೆಗಿ! ಈ ಸಲ ಹೊಳೇನ ಮರಳಿಗೆ ಕುಡಿದು ಮುಗಿಸೋಕಾಗಲ್ಲ!"

ಅದರ ಜೊತೆ ಒದ್ದೆ ಮಣ್ಣಿನ ವಾಸನೆಯೂ ಬಂತು. ಮಾಳವ್ವ ಗೂಟದ ಕಡೆ ಓಡಿದಳು. ನೆರಳು ನೋಡಿದಳು. ಕಲ್ಲು ಮುಟ್ಟಲು ಇನ್ನೂ ಒಂದು ಗೇಣು ಬಾಕಿ. ಚಪ್ಪಡಿಯನ್ನು ಹಾರೆಯಿಂದ ಬಡಿದಳು.

"ನೆರಳು ಮುಟ್ಟಿತಾ?" ಒಳಗಿಂದ ಬೊಮ್ಮಣ್ಣನ ದನಿ.

"ಇಲ್ಲ ಅಣ್ಣಾ, ಒಂದು ಗೇಣು ಇದೆ. ಗಾಳಿ ಹೇಳ್ತು..."

"ಅಯ್ಯೋ ನಿನ್ನ! ಮತ್ತೆ ಗಾಳಿಯಾ? ಸುಮ್ಮನೆ ಕೂತ್ಕೋ!"

ಒಳಗೆ ಎಲ್ಲರೂ ಗೊಳ್ಳೆಂದು ನಕ್ಕರು. ನಗು ನಿಂತ ಮೇಲೆ ಒಂದು ಸಣ್ಣ ದನಿ ಕೇಳಿತು.

"ಅವ್ವಾ, ನೆಲ ಗುಡುಗುಡು ಅಂತಿದೆ. ನಾನು ಮೇಲೆ ಬರ್ಲಾ?"

ಮಾಳವ್ವ ಹಾರೆ ಎತ್ತಿದಳು. ಸೆರಗಿನಲ್ಲಿ ನಗುವ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಹಾರೆ ಕೆಳಗಿಟ್ಟಳು.

"ಸುಮ್ನೆ ಮಲಕ್ಕೋ ನನ್ನ ಬಂಗಾರ. ಒಂದು ಗೇಣು ಅಷ್ಟೇ."

ಹ್ಞೂಂ ಅನ್ನುತ್ತಿಲ್ಲ ನೀನು. ಇರಲಿ ಬಿಡು, ಹ್ಞೂಂ ಇಲ್ಲದೆಯೇ ಮುಂದೆ ಹೇಳುತ್ತೇನೆ.

ಮೊದಲು ಹಲ್ಲಿಗಳು ಓಡಿಬಂದವು. ಅವುಗಳ ಹಿಂದೆ ಮುಳ್ಳುಕಂಟಿಗಳು ಉರುಳುತ್ತಾ ಬಂದವು, ಕಂಟಿಗಳ ಹಿಂದೆ ಕಂದು ನೀರು ಗೋಡೆಯಾಗಿ ಬಂತು. ಮಾಳವ್ವ ಚೀರಿ ಚಪ್ಪಡಿಯ ಮೇಲೆ ಬಿದ್ದಳು. ಅವಳೇ ನಯ ಮಾಡಿದ ಮಣ್ಣು ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಹಾರೆಯಿಂದ ಕುಟ್ಟಿದಳು, ಉಗುರಿನಿಂದ ಕಿತ್ತಳು. "ಭುಜ ಕೊಡಿ! ಭುಜ ಕೊಡಿ!" ಎಂದು ಅರಚಿದಳು. ಚಪ್ಪಡಿ ಸರಿಯಿತು. ಅದೇ ಹೊತ್ತಿಗೆ ಹೊಳೆಯೂ ಬಂತು, ತಗ್ಗು ಸಿಕ್ಕಿತು, ಇಳಿಯಿತು.

ಒಂಬತ್ತು ಜನ ಮೇಲೆ ಬಂದರು. ಒಂಬತ್ತನೆಯವನು ಬೊಮ್ಮಣ್ಣ. ಅವನ ಹಿಂದೆ ಯಾರೂ ಬರಲಿಲ್ಲ.

"ಕತ್ತಲಲ್ಲಿ ಅವಳ ಕೈ ಸಿಕ್ಕಿತ್ತು ತಂಗೀ," ಎಂದ. "ಜಾರಿತು. ನನ್ನನ್ನು ಹೊಡಿ, ಕೊಂದುಹಾಕು."

ಮಾಳವ್ವ ಹೊಡೆಯಲಿಲ್ಲ. ಕಲ್ಲಿನ ಕಡೆ ನೋಡಿದಳು. ಕಲ್ಲೂ ಇಲ್ಲ, ಗೂಟವೂ ಇಲ್ಲ, ಎಲ್ಲ ಕೊಚ್ಚಿಹೋಗಿತ್ತು.

ಹೊಳೆಗೆ ತಾನೇನು ಮಾಡಿದೆನೆಂದು ಆಮೇಲೆ ತಿಳಿಯಿತು. "ನನಗೆ ಕಣ್ಣಿಲ್ಲ ಅಂದಿದ್ದೆನಲ್ಲಾ," ಎಂದು ಗೊಣಗುತ್ತಾ, ಯಾರಿಗೂ ಮುಖ ತೋರಿಸಲಾರದೆ ಮರಳಿನೊಳಗೆ ಇಂಗಿಹೋಯಿತು. ನೆಲಮಾಳಿಗೆಯಲ್ಲಿ ಬರೀ ಕೆಸರು ಉಳಿಯಿತು.

ಮಾಳವ್ವ ಮೂರು ದಿನ ಆ ಕೆಸರಿನ ಪಕ್ಕ ಕೂತಳು. ನೀರು ಮುಟ್ಟಲಿಲ್ಲ, ನೆರಳಿಗೆ ಹೋಗಲಿಲ್ಲ. ಮೂರನೆಯ ದಿನ ಎರಡೂ ಕೈಯಿಂದ ನೆಲ ಬಡಿದಳು.

"ಮಡಿಲು ಅಂದೆಯಲ್ಲಾ! ಇದೇನಾ ನಿನ್ನ ಮಡಿಲು?"

ಭೂಮಿತಾಯಿ ಅಳುತ್ತಿದ್ದಳು. "ತೆಗೆದುಕೊಳ್ಳೋದು ಮಾತ್ರ ನನಗೆ ಬರುತ್ತೆ ಮಗಳೇ. ವಾಪಸ್ ಕೊಡೋಕೆ ಬರಲ್ಲ. ನಾನೇನು ಮಾಡಲಿ ಹೇಳು."

"ಗಟ್ಟಿಯಾಗು," ಎಂದಳು ಮಾಳವ್ವ. "ಇನ್ನು ಯಾರ ಹಾರೆಯೂ ನಿನ್ನೊಳಗೆ ಇಳಿಯಬಾರದು. ನಾವೇ ಬಂದು ಕಾಲು ಹಿಡಿದರೂ ಬಾಗಿಲು ತೆಗೀಬೇಡ."

"ಸೂರ್ಯ ನಿಮ್ಮನ್ನು ಸುಡ್ತಾನಲ್ಲೇ!"

"ಸುಡಲಿ. ಸುಟ್ಟರೆ ಓಡಬಹುದು."

"ಎಷ್ಟು ಆಳದಿಂದ ಗಟ್ಟಿಯಾಗಲಿ?"

ಮಾಳವ್ವ ಕೆಸರು ಮೆತ್ತಿದ ಕೈ ಚಾಚಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಳೆದು ತೋರಿಸಿದಳು. "ಇಷ್ಟು," ಎಂದಳು. ಒಂದು ಗೇಣು ಎಂದು ಬಾಯಿಬಿಟ್ಟು ಹೇಳಲು ಅವಳಿಂದಾಗಲಿಲ್ಲ.

ಭೂಮಿತಾಯಿಯ ಕಣ್ಣೀರು ಆ ಬಿಸಿಲಿಗೆ ಅಲ್ಲೇ, ಒಂದು ಗೇಣು ಕೆಳಗೆ, ಹೆಪ್ಪುಗಟ್ಟಿತು. ಸುಣ್ಣದ ಹಾಗೆ ಬೆಳ್ಳಗೆ, ಬಂಡೆಯ ಹಾಗೆ ಗಟ್ಟಿ. ಬೊಮ್ಮಣ್ಣ ಹಾರೆ ಹಾಕಿ ನೋಡಿದ. ಠಣ್ ಎಂದಿತು. ಅವನು ಹಾರೆ ಕೆಳಗಿಟ್ಟು ಮಣ್ಣು ಕಲಸಲು ಕೂತ. ಹೊಳೆಯಿಂದ ದೂರ, ನೆಲದ ಮೇಲೆ, ಮೊಳದಪ್ಪದ ಗೋಡೆ, ಅಂಗೈಯಗಲದ ಕಿಟಕಿಯ ಮನೆ ಎದ್ದಿತು. ತಂಪು ಮೊದಲಿನಷ್ಟಿರಲಿಲ್ಲ. ಯಾರೂ ಗೊಣಗಲಿಲ್ಲ.

ಚಳಿನಾಡಿನ ಮಾತು ಬೇರೆ ಮಗಾ. ಅಲ್ಲಿ ಹಿಮ ನೆಲದೊಳಗೆ ಬೆರಳು ತೂರಿಸಿ, ಮಣ್ಣಿನ ನೀರನ್ನು ಹೆಪ್ಪುಗಟ್ಟಿಸಿ ಉಬ್ಬಿಸಿ, ಮನೆಯನ್ನೇ ಎತ್ತಿಬಿಡಲು ನೋಡುತ್ತದೆ. ಅದರ ಬೆರಳಿಗಿಂತ ಕೆಳಗೆ ಅಗೆದು ಅಡಿಪಾಯ ಹಾಕಬೇಕು, ಅಷ್ಟು ಅಗೆದ ಮೇಲೆ ಅಲ್ಲೊಂದು ನೆಲಮಾಳಿಗೆ ತಾನಾಗಿ ಆಗುತ್ತದೆ. ಬಿಸಿಯ ಮರಳುನಾಡಿನಲ್ಲಿ ಹಿಮದ ಕಾಟವಿಲ್ಲ. ಯಾರೂ ಅಷ್ಟು ಅಗೆಯಲೇಬೇಕಿಲ್ಲ.

ಆದರೂ ಒಮ್ಮೊಮ್ಮೆ ಯಾರೋ ಹೊಸಬರು ನೆಲಮಾಳಿಗೆ ಬೇಕೆಂದು ಹಾರೆ ಹಾಕುತ್ತಾರೆ. ಹಾರೆ ಒಂದು ಗೇಣು ಇಳಿಯುತ್ತದೆ, ಬಿಳಿಯ ಪದರಕ್ಕೆ ಬಡಿದು ಠಣ್ ಎನ್ನುತ್ತದೆ. ಅದಕ್ಕೇ ಇವತ್ತಿಗೂ ಆ ನಾಡಿನಲ್ಲಿ ಮನೆಗಳು ನೆಲದ ಮೇಲೇ ನಿಂತಿರುತ್ತವೆ, ದೂರದಿಂದ ಒದ್ದೆ ಮಣ್ಣಿನ ವಾಸನೆ ಬಂದರೆ ತಾಯಂದಿರು ನೆರಳು ನೋಡದೆ, ನಗುವವರನ್ನು ನೋಡದೆ, ಒಣಹೊಳೆಯಲ್ಲಿ ಆಡುವ ಮಕ್ಕಳನ್ನು ಹೆಸರು ಹಿಡಿದು ಕೂಗಿ ಮೇಲಕ್ಕೆ ಕರೆಯುತ್ತಾರೆ.