ಎಲ್ಲರಿಗೂ ಉಪ್ಪಿಟ್ಟು

ಆ ಎಂಜಿನಿಯರಿಂಗ್ ಕಾಲೇಜಿನ ಗೇಟಿನ ಮೇಲೆ ದೊಡ್ಡ ಬೋರ್ಡಿತ್ತು: 'ಮೊದಲ ವರ್ಷ ಎಲ್ಲವನ್ನೂ ಓದಿ ನೋಡಿ. ಆಮೇಲೆ ಇಷ್ಟವಾದ ವಿಭಾಗ ಆರಿಸಿಕೊಳ್ಳಿ.' ಅದನ್ನು ನಂಬಿಯೇ ಕ್ಯಾಂಟೀನಿನ ಅಡುಗೆಯವನು ಮಗಳು ದಾಕ್ಷಾಯಣಿಯನ್ನು ಅಲ್ಲಿಗೆ ಸೇರಿಸಿದ್ದ. ತಾಯಿ ತೀರಿಕೊಂಡ ಮೇಲೆ ಮೂಲೆ ಸೇರಿದ್ದ ಮಿಕ್ಸಿಯನ್ನು ಬಿಚ್ಚಿ, ರಿಪೇರಿ ಮಾಡಿ, ಮತ್ತೆ ತಿರುಗಿಸಿದ ಹುಡುಗಿ ಅವಳು. ಅವಳಿಗೆ ಎಲೆಕ್ಟ್ರಿಕಲ್ಲೇ ಬೇಕಿತ್ತು.

ವರ್ಷ ಮುಗಿಯಿತು. ಪ್ರಿನ್ಸಿಪಾಲರ ಅಪ್ಪಣೆಯಾಯಿತು. "ಸಿವಿಲ್ ಕ್ಲಾಸು ಖಾಲಿ ಹೊಡೀತಿದೆ. ಎಲ್ಲರೂ ಅಲ್ಲಿಗೇ ಹೋಗಿ."

ಅಡುಗೆಯವನು ಹೋಗಿ ಕೈಮುಗಿದ. "ಆಯ್ಕೆ ಮಕ್ಕಳದ್ದು ಅಂದಿದ್ರಲ್ಲ ಸರ್?"

"ಹೌದಯ್ಯಾ, ಆಯ್ಕೆ ಅವರದ್ದೇ. ತೀರ್ಮಾನ ನಮ್ಮದು. ನೀನು ಹೋಗಿ ಒಲೆ ನೋಡು."

ಅವನು ಹೋಗಿ ಒಲೆ ನೋಡಿದ.

ಮರುದಿನ ಹೊಸ ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಯರನ್ನು ಪ್ರಿನ್ಸಿಪಾಲರು ತಿಂಡಿಗೆ ಕರೆತಂದರು. ಎಲ್ಲರೂ ಮಸಾಲೆ ದೋಸೆ ಹೇಳಿದರು. ಎಲ್ಲರಿಗೂ ಉಪ್ಪಿಟ್ಟು ಬಂತು.

"ನಾವು ಹೇಳಿದ್ದು ದೋಸೆ ಕಣಯ್ಯಾ!" ಪ್ರಿನ್ಸಿಪಾಲರು ಗುಡುಗಿದರು.

"ಆಯ್ಕೆ ನಿಮ್ಮದೇ ಸರ್. ತೀರ್ಮಾನ ನಮ್ಮದು. ಉಪ್ಪಿಟ್ಟನ್ನ ಯಾರೂ ಕೇಳ್ತಾನೇ ಇಲ್ಲ ನೋಡಿ."

"ತಿಂಡಿಗೆ ಕೂತವರಿಗೆ ಹೀಗೂ ಮಾಡ್ತಾರೇನಯ್ಯಾ?"

"ಅಡುಗೆಯವನಿಗೆ ಏನು ಗೊತ್ತಾಗುತ್ತೆ ಸರ್? ಕಾಲೇಜಿನ ಪದ್ಧತಿಯನ್ನೇ ಕ್ಯಾಂಟೀನಿಗೂ ತಂದೆ."

ತಂದೆಯೊಬ್ಬರ ಚಮಚ ಅರ್ಧದಲ್ಲೇ ನಿಂತಿತು. "ಕಾಲೇಜಿನ ಪದ್ಧತಿ ಅಂದ್ರೆ?"

ಪ್ರಿನ್ಸಿಪಾಲರು ಗಬಗಬನೆ ಉಪ್ಪಿಟ್ಟು ತಿನ್ನತೊಡಗಿದರು. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಾಗಿಲ್ಲವಲ್ಲ.

ಸಂಜೆಯೊಳಗೆ ಮಕ್ಕಳಿಗೆ ಅವರವರು ಕೇಳಿದ ವಿಭಾಗ ಸಿಕ್ಕಿತು. ಮಾರನೆಯ ಬೆಳಿಗ್ಗೆ ಪ್ರಿನ್ಸಿಪಾಲರಿಗೆ ದೋಸೆ ಸಿಕ್ಕಿತು. ಚಟ್ನಿ ಮಾತ್ರ ದಾಕ್ಷಾಯಣಿಯ ಮಿಕ್ಸಿಯದು.