ಈಚೆಯಿಂದಾಚೆ ಮೊಹರು

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ತಪ್ಪಿದವನಿಗೆ ಶೂಲ! ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಓಲೆ ತಂದ ಬೂದ್ಯಜ್ಜನಿಗೂ ಶೂಲ!"

ಸಿರಿಪಟ್ಟಣದಲ್ಲಿ ಡಂಗುರ ಕೇಳಿ ಚೆನ್ನಿಗ ತಲೆ ತಗ್ಗಿಸಿದ. ಅವನು ಓಲೆ ತಿರುವುವವನು. ಹೊಳೆಯಾಚೆಯ ನಾಗವಳ್ಳಿಯವರು ಅಂಕಿಯನ್ನು ಬಿಡಿಯಿಂದ ಬರೆಯುತ್ತಾರೆ, ಈಚೆಯವರು ಹತ್ತರಿಂದ; ಇಲ್ಲಿಯ ೧೨ ಅಲ್ಲಿ ೨೧. ಬಂದ ಓಲೆಯ ಅಂಕಿಗಳನ್ನು ಹಿಂದುಮುಂದು ಮಾಡುವುದೇ ಅವನ ಕೆಲಸ. ಹೋದ ತಿಂಗಳು ನಾಗವಳ್ಳಿಯ ಮದುವೆ ದಿಬ್ಬಣ ಹನ್ನೆರಡನೇ ದಿನ ಬಂತು. ದಿನ ತಿಳಿಸಿದ ಓಲೆಯ ಅಂಕಿ ತಿರುವುಮುರುವಾಗಿ ಇಲ್ಲಿನವರು ಇಪ್ಪತ್ತೊಂದಕ್ಕೆ ಕಾದಿದ್ದರು. ಒಂದು ಚೊಂಬು ನೀರು ಕೊಡುವವರೂ ಇಲ್ಲದೆ ದಿಬ್ಬಣ ಊರಬಾಗಿಲಿಂದಲೇ ತಿರುಗಿ ಹೋಯಿತು. ತಿರುವುವವರು ಒಂಬತ್ತು ಮಂದಿ. ಯಾರ ಕೈಗೆ ಓಲೆ ಕೊಟ್ಟೆ ಎಂದರೆ ಅದನ್ನು ಹೊಳೆ ದಾಟಿಸಿ ತಂದ ಬೂದ್ಯಜ್ಜ ಮರೆತೆ ಎಂದ. ಕೊನೆಗೆ ತಪ್ಪು ಅವನ ಕೊರಳಿಗೇ ಬಂತು, ಅವನನ್ನು ಸೆರೆಗೆ ಹಾಕಿದರು.

"ಅಣ್ಣತಮ್ಮ ಇಬ್ಬರು. ಈ ದಡದಲ್ಲಿ ಅಣ್ಣ ಮುಂದೆ, ಆ ದಡದಲ್ಲಿ ತಮ್ಮ ಮುಂದೆ. ಯಾರು?" ಎಂದಳು ಪದುಮಲೆ. ಒಬ್ಬ ರಾಜಕುಮಾರ ಸೂರ್ಯಚಂದ್ರ ಎಂದ, ಇನ್ನೊಬ್ಬ ಜೋಡೆತ್ತು ಎಂದ. ಶೂಲದ ದಿನದವರೆಗೆ ಇಬ್ಬರನ್ನೂ ಸೆರೆಗೆ ದಬ್ಬಿದರು.

ಅಮಾವಾಸ್ಯೆಯ ಬೆಳಿಗ್ಗೆ ಚೆನ್ನಿಗ ಬಂದು ನಿಂತ. "ಹತ್ತು ಅಣ್ಣ, ಬಿಡಿ ತಮ್ಮ, ತಾಯೀ."

"ಹೆಸರೊಂದೇ, ದಡ ಬದಲಾದರೆ ಅರ್ಥವೇ ತಿರುಗಾಮುರುಗಾ. ಏನದು?" ಎಂದು ಪದುಮಲೆ ಎರಡನೆಯದನ್ನು ಕೇಳಿದಳು.

"'ಈಚೆಯಿಂದಾಚೆ' ಅನ್ನೋ ಮೊಹರು. ತಿರುವಿ ಕಳಿಸೋ ಓಲೆಗೆ ಎರಡು ದಡದಲ್ಲೂ ಅದನ್ನೇ ಒತ್ತುತ್ತಾರೆ. ಅವರ ಈಚೆ ನಮಗೆ ಆಚೆ. ಆ ದಿಬ್ಬಣದ ಓಲೇನ ನಾಗವಳ್ಳಿಯವರೇ ತಿರುವಿ ಒತ್ತಿದ್ದರು. ಇದು ನಮ್ಮಿಂದ ಹೋಗೋ ಓಲೆಯ ಮೊಹರು, ತಪ್ಪಿ ಬಿದ್ದಿದೆ ಅಂದ್ಕೊಂಡು... ಮತ್ತೆ ತಿರುವಿದವನು ನಾನೇ."

ಸಭೆ ಗುಜುಗುಟ್ಟಿತು. ಪದುಮಲೆ ಕೈಯೆತ್ತಿ ಮೂರನೆಯದನ್ನು ಕೇಳಿದಳು.

"ಮತ್ತೆ ತಿರುವಿದರೆ ಸರಿಹೋಗುವುದು ಯಾವುದು? ಹೋಗದಿರುವುದು ಯಾವುದು?"

"ಅಂಕಿ ಸರಿಹೋಗುತ್ತೆ. ತಿರುಗಿ ಹೋದ ದಿಬ್ಬಣ ಹೋಗಲ್ಲ."

"ತಪ್ಪು ಯಾವಾಗ ಗೊತ್ತಾಯಿತು?"

ಇದು ಒಗಟಲ್ಲ. ಆದರೂ ಇದೇ ಅವನಿಗೆ ಕಷ್ಟವಾಯಿತು. "ಹತ್ತನೇ ದಿನ, ತಾಯೀ. ಇನ್ನೂ ಎರಡು ದಿನ ಇತ್ತು. ಹೇಳೋಕೆ ನಾಚಿಕೆಯಾಯ್ತು."

ಅವಳು ಕೈ ಮುಂದೆ ಚಾಚಿದಳು. "ಕೊಟ್ಟ ಮಾತು ಮಾತೇ" ಎಂದಳು.

"ನಿಮ್ಮ ಕೈ ಹಿಡಿಯೋ ಮುಖ ನನಗಿಲ್ಲ. ಸೆರೆಯವರನ್ನ ಬಿಡಿಸಿ."

ಪದುಮಲೆ ಮೂವರನ್ನೂ ಬಿಡಿಸಿದಳು. ಚೆನ್ನಿಗನನ್ನು ಮೊಹರಿನ ಮುಖ್ಯಸ್ಥನನ್ನಾಗಿ ಮಾಡಿ, ಆಚೆ ಈಚೆ ಬೇಡ, ಎರಡು ದಡದಲ್ಲೂ ಊರಿನ ಹೆಸರೇ ಕೆತ್ತಿಸು ಎಂದಳು.

ಚೆನ್ನಿಗ ಸೆರೆಮನೆಯ ಬಾಗಿಲಿಗೆ ಓಡಿ ಬೂದ್ಯಜ್ಜನ ಕಾಲಿಗೆ ಬಿದ್ದ. "ಆ ಓಲೆ ನೀನು ಕೊಟ್ಟಿದ್ದು ನನ್ನ ಕೈಗೇ, ಅಜ್ಜಾ."

"ಮರೆತಿರಲಿಲ್ಲ ಮಗಾ" ಎಂದ ಅಜ್ಜ, "ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ."